ಪ್ರವಚನಪೀಠದ ಮನೆಮಾತು

ಟೆಕ್ಸಸ್‌ನ ಚರ್ಚೊಂದರಲ್ಲಿ ಭಾನುವಾರದ ಪ್ರವಚನ ಓದಿದ ಖಜಾಂಚಿ ಬೆವರಿದರು.

"ಪಾದ್ರಿಗಳೇ, ಅಭ್ಯರ್ಥಿಯ ಹೆಸರು ಒಂಬತ್ತು ಸಲ, ಯೇಸುವಿನದು ಎರಡೇ ಸಲ!"

"ಯೇಸು ಈ ಸಲ ಚುನಾವಣೆಗೆ ನಿಂತಿಲ್ಲವಲ್ಲ."

"ತೆರಿಗೆ ವಿನಾಯಿತಿ ಹೋದರೆ? ವಿನಾಯಿತಿ ಪಡೆದ ಸಂಸ್ಥೆ ಅಭ್ಯರ್ಥಿಯ ಪರವಾಗಲಿ ವಿರುದ್ಧವಾಗಲಿ ಪ್ರಚಾರ ಮಾಡಬಾರದೆನ್ನುವ 1954ರ ಜಾನ್ಸನ್ ತಿದ್ದುಪಡಿ ಇನ್ನೂ ಕಾನೂನಿನಲ್ಲಿದೆ."

"ಯಾರದು ಹೋಗಿದೆ, ಹೇಳಿ."

"ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಕಡೆಯ ಒಂದು ಚರ್ಚಿನದು. 1992ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಕ್ಲಿಂಟನ್ ವಿರುದ್ಧ ಪತ್ರಿಕೆಗಳಲ್ಲಿ ಪೂರ್ಣ ಪುಟದ ಜಾಹೀರಾತು ಕೊಟ್ಟರು. ಅದರಡಿಯಲ್ಲೇ, ಈ ಜಾಹೀರಾತಿಗೆ ಕೊಟ್ಟ ದೇಣಿಗೆಗೂ ತೆರಿಗೆ ರಿಯಾಯಿತಿ ಉಂಟು ಎಂದು ಅಚ್ಚು ಹಾಕಿಸಿದರು! 2000ದಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು."

"ಅದು ಪೆದ್ದುತನ. 2008ರಿಂದ ಎಷ್ಟೋ ಪಾದ್ರಿಗಳು ಇಂಥ ಪ್ರವಚನ ಮಾಡಿ ತೆರಿಗೆ ಇಲಾಖೆಯನ್ನು ಬೇಕೆಂದೇ ಕೆಣಕಿದರು. ಒಬ್ಬರ ವಿನಾಯಿತಿಯಾದರೂ ಹೋಯಿತೇ?"

ಇಲಾಖೆಯ ಔದಾರ್ಯ ಅಲ್ಲಿಗೇ ನಿಲ್ಲಲಿಲ್ಲ. ಆರಾಧನೆಯ ವೇಳೆ ಭಕ್ತರಿಗೆ ಅಭ್ಯರ್ಥಿಯ ವಿಚಾರ ಹೇಳುವುದು ಮನೆಮಂದಿಯ ಮಾತುಕತೆಯಂತೆ ಎಂದು 2025ರ ಜುಲೈನಲ್ಲಿ ಟೆಕ್ಸಸ್‌ನ ನ್ಯಾಯಾಲಯಕ್ಕೆ ತಾನೇ ಬರೆದುಕೊಟ್ಟಿತು.

"ಅಂದ ಹಾಗೆ, ನಮ್ಮ ಮನೆಮಂದಿ ಎಷ್ಟು?"

"ಎಂಟು ಸಾವಿರ. ಟಿವಿ ನೋಡುವವರನ್ನು ಬಿಟ್ಟು."