ಸ್ಟ್ಯಾಂಡಿಲ್ಲದ ಸೈಕಲ್ಲು

ಭಾನುವಾರ ಬೆಳಿಗ್ಗೆ ಮನೆಯಿಂದ ತಪ್ಪಿಸಿಕೊಳ್ಳಲು ಹೊಸಪೇಟೆಯ ಗಂಡಸರಿಗೆ ಹಿರಿಯರು ಹಾಕಿಕೊಟ್ಟ ಹಾದಿಗಳಿವೆ. ಡ್ಯಾಂ ಎಷ್ಟು ತುಂಬಿದೆ ಎಂದು ನೋಡಿ ಬರುವುದು, ಜಂಬುನಾಥನ ಗುಡ್ಡ ಹತ್ತುವುದು, ಇಲ್ಲವೇ ಮಿರ್ಚಿ ಬಂಡಿಯ ಮುಂದೆ ನಿಂತು ರಾಜ್ಯದ ರಾಜಕೀಯ ರಿಪೇರಿ ಮಾಡುವುದು. ಮೂರಕ್ಕೂ ಖರ್ಚು ಕಡಿಮೆ. ನನಗೆ ಅವು ಸಾಲಲಿಲ್ಲ. ನಾನು ಫ್ರಾನ್ಸಿನ ಮೇಲೆ ಹಾದು ತಪ್ಪಿಸಿಕೊಳ್ಳಲು ಹೊರಟೆ.

ಇದಕ್ಕೆಲ್ಲ ಕಾರಣ ಮೊಬೈಲು. 2024ರ ಟೂರ್ ದ ಫ್ರಾನ್ಸ್‌ನಲ್ಲಿ ಒಂಬತ್ತನೆಯ ದಿನದ ಸೈಕಲ್ ಓಟ ತ್ರುವಾ ಎಂಬ ಊರಿನ ಸುತ್ತ ನಡೆಯಿತು. ಅದರಲ್ಲಿ ಬಿಳಿ ಜಲ್ಲಿ ಹಾದಿಯದೇ 14 ತುಂಡುಗಳು. ಧೂಳೆಬ್ಬಿಸಿಕೊಂಡು ನುಗ್ಗುವ ಆ ಸವಾರರನ್ನು ನಾನು ಮಂಚದ ಮೇಲೆ ಮಲಗಿ, ಶೇಂಗಾ ತಿನ್ನುತ್ತ ನೋಡಿದೆ. ಅಲ್ಲಿಂದ ಮೊಬೈಲು ನನ್ನ ದೌರ್ಬಲ್ಯ ಹಿಡಿಯಿತು. ದೊರ್ದೋನ್ ನದಿಯ ಕಣಿವೆ, ಏರಿಳಿಯುವ ಹೊಲಗಳು, ನಡುವೆ ಮಣ್ಣುಹಾದಿ, ಅದರ ಮೇಲೆ ಅಂಥ ಹಾದಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ಲು. ತುಳಿಯುವವರೆಲ್ಲ ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ತಲೆ ನರೆತಿತ್ತು, ಹೊಟ್ಟೆ ಮಾತ್ರ ಇರಲಿಲ್ಲ. ಸೈಕಲ್ಲು ಬಂದರೆ ಹೊಟ್ಟೆ ಹೋಗುತ್ತದೆ ಎಂದು ನಾನು ತೀರ್ಮಾನಿಸಿದೆ.

ಕಣಿವೆಗೆ ನಮಗೇನು ಬರ? ತುಂಗಭದ್ರೆ ಇದ್ದಾಳೆ. ಏರಿಳಿತಕ್ಕೆ ಸಂಡೂರಿನ ಗುಡ್ಡಸಾಲು ಇದೆ. ಜಲ್ಲಿ ಹಾದಿಯನ್ನು ಫ್ರಾನ್ಸಿನವರು ಹುಡುಕಿಕೊಂಡು ಹೋಗಬೇಕು. ನಮ್ಮಲ್ಲಿ ಡಾಂಬರು ರಸ್ತೆಯೇ ಎರಡು ಮಳೆಗಾಲ ಕಳೆದರೆ ತಾನಾಗಿ ಜಲ್ಲಿ ಹಾದಿಯಾಗುತ್ತದೆ. ಈ ವಾದವನ್ನು ಹೆಂಡತಿಯ ಮುಂದೆ ಚೆನ್ನಾಗಿಯೇ ಮಂಡಿಸಿದೆ. ಬೆಲೆ ಹೇಳುವ ಹೊತ್ತಿಗೆ ಸರಿಯಾಗಿ ಕೆಮ್ಮು ಬಂತು.

ಸೈಕಲ್ಲು ಬಂದ ದಿನ ಆಕೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಸ್ಟ್ಯಾಂಡ್ ಎಲ್ಲೈತ್ರೀ?"

"ಇದಕ್ಕ ಸ್ಟ್ಯಾಂಡ್ ಇರಂಗಿಲ್ಲ."

"ಕ್ಯಾರಿಯರ್?"

"ಇಲ್ಲ. ತೂಕ ಆಗತೈತಿ."

"ಬೆಲ್ಲು? ಮಡ್‌ಗಾರ್ಡು?"

ನಾನು ಟೈರು ತೋರಿಸಿದೆ. ನಲವತ್ತು ಮಿಲಿಮೀಟರ್ ಅಗಲ, ಒಳಗೆ ಟ್ಯೂಬೇ ಇಲ್ಲ, ಗಾಳಿ ಕಮ್ಮಿ ಹಾಕಿದಷ್ಟೂ ಕಲ್ಲಿನ ಮೇಲೆ ಹಿಡಿತ ಜಾಸ್ತಿ ಎಂದೆಲ್ಲ ವಿವರಿಸಿದೆ.

"ಟ್ಯೂಬೂ ಇಲ್ಲೇನು?" ಅಂದಳು. "ಇಷ್ಟೆಲ್ಲ ತಗದು ಹಾಕಾಕ ಅಷ್ಟು ರೊಕ್ಕ ತಗೊಂಡ್ರಾ?"

ಸೈಕಲ್ಲನ್ನು ಗೋಡೆಗೆ ಒರಗಿಸಿದೆ. ಅದು ಜಾರಿ ತುಳಸಿಕಟ್ಟೆಯ ಮೇಲೆ ಬಿತ್ತು. ಅಂದಿನಿಂದ ಅದಕ್ಕೆ ಹಿತ್ತಲೇ ಗತಿಯಾಯಿತು.

ಆಮೇಲೆ ಚಡ್ಡಿಯ ಪ್ರಕರಣ. ಸೈಕಲ್ ಸವಾರರ ಚಡ್ಡಿಯಲ್ಲಿ ಕೂರುವ ಕಡೆ ದಪ್ಪನೆಯ ಮೆತ್ತೆ ಇರುತ್ತದೆ. ಅದನ್ನು ತೊಳೆದು ಹಗ್ಗದ ಮೇಲೆ ಹಾಕಿದ್ದೆ. ಊರಿನಿಂದ ಬಂದಿದ್ದ ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು, ಹಿಸುಕಿ, ಒಳಗೆ ಹೋಗಿ ಮಗಳನ್ನು ಪಿಸುದನಿಯಲ್ಲಿ ಕೇಳಿದರು: "ಅಳಿಯಂದ್ರಿಗೆ ಏನಾಗೈತೇ? ಡಾಕ್ಟರಿಗೆ ತೋರಿಸೀರೇನು?" ನಮ್ಮ ಮನೆಯಲ್ಲಿ ಪಿಸುದನಿ ಎಂದರೆ ಪಕ್ಕದ ಎರಡು ಮನೆಗೆ ಮಾತ್ರ ಕೇಳುವ ದನಿ. ನಿಮ್ಮಲ್ಲೂ ಅಷ್ಟೇ ಇರಬೇಕು. ಮರುದಿನ ಬೀದಿಯ ಹಿರಿಯರೊಬ್ಬರು ನನ್ನನ್ನು ತಡೆದು, ಮೂಲವ್ಯಾಧಿಗೆ ಮಜ್ಜಿಗೆ ಒಳ್ಳೆಯದು ಎಂದು ಹೇಳಿ ಹೋದರು.

ಮೊದಲು ಹಂಪಿಯ ಕಡೆ ಹೊರಟೆ. ತುರ್ತಾ ಕಾಲುವೆಯ ದಂಡೆ ಹಿಡಿದರೆ ಒಂದು ಕಡೆ ನೀರು, ಇನ್ನೊಂದು ಕಡೆ ಬಾಳೆತೋಟ, ಮೇಲೆ ಬಂಡೆಗಳ ರಾಶಿ. ಮೊಬೈಲಿನ ಫ್ರಾನ್ಸು ಇದರ ಮುಂದೆ ಏನೂ ಅಲ್ಲ ಎಂದುಕೊಳ್ಳುವಾಗಲೇ ಎದುರಿಗೆ ಎಮ್ಮೆಗಳು ಬಂದವು. ದಂಡೆಯ ಅಗಲ ಅವಕ್ಕೆ ಸಾಕಾಗಿತ್ತು. ಬೆಲ್ಲಿಲ್ಲ, "ಹೋಯ್ ಹೋಯ್" ಅಂದೆ. ಮುಂದಿನ ಎಮ್ಮೆ ನನ್ನ ಹೆಲ್ಮೆಟ್ಟನ್ನೂ ಕಪ್ಪು ಕನ್ನಡಕವನ್ನೂ ನೋಡಿ, ವಿಚಾರ ಮಾಡಿ, ನಿಂತೇಬಿಟ್ಟಿತು. ನಾನು ಸೈಕಲ್ಲು ಎತ್ತಿಕೊಂಡು ಬಾಳೆಯ ಮಡಿಗೆ ಇಳಿದೆ. ಕೆಸರು ಮೊಣಕಾಲಿಗೆ ಬಂತು.

ಹಂಪಿಯ ಹತ್ತಿರ ಚಹಾ ಅಂಗಡಿಯಲ್ಲಿ ಕೂತಿದ್ದ ವಿದೇಶಿ ದಂಪತಿ ಫ್ರಾನ್ಸಿನವರೇ ಎಂದು ತಿಳಿದು ನನ್ನ ರೋಮ ನಿಮಿರಿತು. ತುಲೂಸ್ ಕಡೆಯವರಂತೆ. ತಮ್ಮೂರಿನ ಕನಾಲ್ ದು ಮಿದಿ ಎಂಬ ಕಾಲುವೆಯ ದಂಡೆಯ ಮೇಲೂ ಸೈಕಲ್ ಹೊಡೆಯುತ್ತಾರೆ ಎಂದರು. ಅದನ್ನು ತೋಡಲು ಅಲ್ಲಿನ ರಾಜನ ಅಪ್ಪಣೆ ಸಿಕ್ಕಿದ್ದು 1666ರಲ್ಲಿ. ನಾನು ಬಿಡುತ್ತೇನೆಯೇ? ಕೃಷ್ಣದೇವರಾಯ ಬಸವಣ್ಣ ಕಾಲುವೆ ಮಾಡಿಸಿದ್ದು 1521ರಲ್ಲಿ, ನಾವು ನಿಮಗಿಂತ 145 ವರ್ಷ ಹಿರಿಯರು, ಇವತ್ತಿಗೂ ಅದರ ನೀರಲ್ಲೇ ಇಲ್ಲಿ ಗದ್ದೆ ಬೆಳೆಯುತ್ತದೆ ಎಂದು ನಾನೇ ಗುದ್ದಲಿ ಹಿಡಿದಿದ್ದ ಧಾಟಿಯಲ್ಲಿ ಹೇಳಿದೆ. ಅವರು ಕೈಮುಗಿದು, ತಾಸಿನ ಬಾಡಿಗೆಗೆ ತಂದ ತುಕ್ಕು ಸೈಕಲ್ಲು ಹತ್ತಿದರು. ಅದಕ್ಕೆ ಬೆಲ್ಲಿತ್ತು, ಸ್ಟ್ಯಾಂಡಿತ್ತು, ಮುಂದೆ ಬುಟ್ಟಿಯೂ ಇತ್ತು. ಕಮಲಾಪುರದ ಏರಿನಲ್ಲಿ ಇಬ್ಬರೂ ಮಾತಾಡುತ್ತಲೇ ನನ್ನನ್ನು ಹಿಂದೆ ಹಾಕಿದರು. ನನಗೆ ಮಾತಾಡುವಷ್ಟು ಉಸಿರು ಇರಲಿಲ್ಲ. ಆ 145 ವರ್ಷಗಳ ಭಾರ ನನ್ನೊಬ್ಬನ ಮೇಲೇ ಬಿದ್ದಿತ್ತು.

ಹಂಪಿಯಲ್ಲಿ ಹೋದ ಮಾನವನ್ನು ಕಂಪ್ಲಿಯಲ್ಲಿ ಗಳಿಸೋಣ, ಗಂಡುಗಲಿ ಕುಮಾರರಾಮನ ಸೀಮೆಯಲ್ಲವೇ ಎಂದು ಆ ಕಡೆ ತಿರುಗಿದೆ. ಮಳೆಗಾಲದಲ್ಲಿ ಹೋಗಿದ್ದರೆ ಒಂದು ನೆಪವಾದರೂ ಸಿಗುತ್ತಿತ್ತು. ಡ್ಯಾಂನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ಮುಳುಗುತ್ತದೆ, ಗೌರವವಾಗಿ ಹಿಂತಿರುಗಬಹುದು. ನಾನು ಹೋದದ್ದು ಕೊಯ್ಲಿನ ಕಾಲದಲ್ಲಿ. ಅರ್ಧ ರಸ್ತೆಗೆ ಭತ್ತ ಹರವಿತ್ತು.

"ಏ ಯಪ್ಪಾ, ಭತ್ತ ತುಳೀಬ್ಯಾಡ, ಬಾಜೂಕ ಹೋಗು!" ಎಂದು ಅಜ್ಜಿಯೊಬ್ಬಳು ಕೋಲು ಎತ್ತಿದಳು. ನನ್ನದು ಎಂಥ ಹಾದಿಯಲ್ಲೂ ಹೋಗುವ ಸೈಕಲ್ಲು ಎಂಬ ಹಮ್ಮಿನಲ್ಲಿ ರಸ್ತೆ ಬಿಟ್ಟು ಕೆಳಗಿಳಿದೆ. ಅಲ್ಲಿ ಬಳ್ಳಾರಿ ಜಾಲಿ ಕಾಯುತ್ತಿತ್ತು. ಈ ಮುಳ್ಳುಗಿಡ ಅಮೆರಿಕ ಖಂಡದಿಂದ ಬಂದು, ನಮ್ಮ ಹಳೆಯ ಜಿಲ್ಲೆಯ ಹೆಸರು ಇಟ್ಟುಕೊಂಡು, ನಮಗಿಂತ ಚೆನ್ನಾಗಿ ನೆಲೆಯೂರಿದೆ. ಹಿಂದಿನ ಚಕ್ರ ಬುಸ್ಸೆಂದಿತು.

ಪಂಕ್ಚರ್ ಅಂಗಡಿಯ ಹುಡುಗ ಟೈರು ತಿರುಗಿಸಿ ಮುಳ್ಳನ್ನು ಇಕ್ಕಳದಲ್ಲಿ ಕಿತ್ತ. ಬೆರಳುದ್ದ ಇತ್ತು. ಕಿತ್ತ ತೂತಿನಿಂದ ಬೆಳ್ಳನೆಯ ದ್ರವ ಚಿಮ್ಮಿ ಅವನ ಅಂಗಿಗೆ ಹತ್ತಿತು.

"ಸರ, ನಿಮ್ಮ ಟೈರ್‌ನ್ಯಾಗ ಹಾಲು ಬರಾಕತ್ತೈತಿ!"

ಅದು ತೂತನ್ನು ತಾನೇ ಮುಚ್ಚುವ ಔಷಧಿ ಎಂದೆ. ಅವನು, ನಾನು, ಮತ್ತು ಅಷ್ಟರಲ್ಲಿ ಸೇರಿದ್ದ ಹತ್ತು ಜನ ಅದು ಮುಚ್ಚುವುದನ್ನು ಕಾಯುತ್ತ ನಿಂತೆವು. ಜಾಲಿಯ ಅಳತೆ ಆ ಔಷಧಿ ಮಾಡಿದವರಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಹುಡುಗ ಒಳಗಿನಿಂದ ತೇಪೆ ಹಾಕಿ, ಪಂಪು ತಂದ. ಸಪೂರ ವಾಲ್ವಿಗೆ ಅವನ ಪಂಪು ಹತ್ತಲಿಲ್ಲ. ಹತ್ತಿಸುವ ಪುಟ್ಟ ಹಿತ್ತಾಳೆಯ ತುಂಡು ಮನೆಯ ಕಪಾಟಿನಲ್ಲಿ ಭದ್ರವಾಗಿತ್ತು. ಟಂಟಂನಲ್ಲಿ ಕುರಿಮರಿಗಳ ನಡುವೆ, ಮದುವೆ ಮನೆಯಲ್ಲಿ ಯಾರದೋ ಕೂಸನ್ನು ಎತ್ತಿಕೊಂಡು ಸಿಕ್ಕಿಬಿದ್ದವನ ಹಾಗೆ, ಸೈಕಲ್ಲನ್ನು ತಬ್ಬಿಕೊಂಡು ಕೂತು ಊರು ಸೇರಿದೆ.

ಉಳಿದದ್ದು ಸಂಡೂರು. ನಾರಿಹಳ್ಳ ಗುಡ್ಡಸಾಲನ್ನು ಸೀಳಿಕೊಂಡು ಹೋಗುವ ಗಂಡಿಗಳ ಹತ್ತಿರ ನಿಂತರೆ ಹಸಿರು ಕಣ್ಣಿಗೆ ತುಂಬುತ್ತದೆ. ಅಲ್ಲಿಗೆ ಮುಟ್ಟುವ ಮೊದಲು ಅದಿರಿನ ಲಾರಿಗಳ ಕೆಂಪು ಧೂಳು ಕಣ್ಣಿಗೆ ತುಂಬುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಈ ರಸ್ತೆಗಳು ಬಿಕೋ ಎನ್ನುತ್ತಿದ್ದವು. ಸೈಕಲ್ಲಿಗೆ ಪ್ರಶಸ್ತ ಕಾಲ. ನನಗೆ ಆಗ ಈ ಬುದ್ಧಿ ಹುಟ್ಟಿರಲಿಲ್ಲ. ಫ್ರಾನ್ಸಿನವರ ಹಾಗೆ ಕಾಣಬೇಕೆಂದು ಬಿಳಿ ಜೆರ್ಸಿ ಬೇರೆ ತೊಟ್ಟಿದ್ದೆ.

ಕುಮಾರಸ್ವಾಮಿ ಗುಡಿಯ ಏರಿನಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದೆ. ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಹಿಂದಿನಿಂದ ಬಂದು, ನನ್ನನ್ನು ದಾಟಿ, ನಿಂತು ಕೇಳಿದಳು: "ಸೈಕಲ್ಲು ಕೆಟ್ಟೈತೇನ್ರೀ ಅಣ್ಣಾ?"

"ಸೈಕಲ್ಲು ಚಲೋ ಐತವ್ವಾ," ಅಂದೆ. ಮುಂದಿನದನ್ನು ಆಕೆಯೇ ಅರ್ಥ ಮಾಡಿಕೊಂಡು ನಡೆದಳು.

ಮನೆಗೆ ಬಂದು ಜೆರ್ಸಿಯನ್ನು ಸದ್ದಿಲ್ಲದೆ ಬಕೆಟ್ಟಿಗೆ ಹಾಕಿದೆ. ಬಕೆಟ್ಟಿನಲ್ಲಿ ಆಗಲೇ ಮಗನ ಶನಿವಾರದ ಬಿಳಿ ಯೂನಿಫಾರ್ಮೂ ಅತ್ತೆಯ ಬಿಳಿ ರವಿಕೆಯೂ ನೆನೆಯುತ್ತಿದ್ದವು. ಬೆಳಿಗ್ಗೆ ಇಡೀ ಮನೆ ಸಂಡೂರಿನ ಬಣ್ಣಕ್ಕೆ ತಿರುಗಿತ್ತು.

ಹೆಂಡತಿ ಜಗಳವಾಡಲಿಲ್ಲ. ಅದು ಅಪಾಯದ ಸೂಚನೆ ಎಂದು ನಿಮಗೆ ಹೇಳಬೇಕಿಲ್ಲ. ನಾನು ಆಫೀಸಿಗೆ ಹೋದ ಹೊತ್ತಿನಲ್ಲಿ ಸೈಕಲ್ಲನ್ನು ಅಂಗಡಿಗೆ ನಡೆಸಿಕೊಂಡು ಹೋದಳು. ಸಂಜೆ ಬರುವಷ್ಟರಲ್ಲಿ ಅದು ಹಿತ್ತಲಲ್ಲಿ ತನ್ನ ಸ್ವಂತ ಕಾಲ ಮೇಲೆ ನಿಂತಿತ್ತು. ಸ್ಟ್ಯಾಂಡು, ಮಡ್‌ಗಾರ್ಡು, ಹಿತ್ತಾಳೆಯ ಬೆಲ್ಲು, ಹಿಂದೆ ಕಬ್ಬಿಣದ ಕ್ಯಾರಿಯರು. ಎಂಥ ಅನರ್ಥ ಎಂದು ಕೂಗಾಡಲು ಬಾಯಿ ತೆರೆದೆ.

"ಅಂಗಡಿಯಾಂವ ತೋರಿಸಿದ. ಫ್ರೇಮಿನ್ಯಾಗ ಕ್ಯಾರಿಯರ್ ಕೂಡ್ಸಾಕ ಕಂಪನಿಯೋರೇ ತೂತು ಬಿಟ್ಟಾರ," ಅಂದಳು.

ನೋಡಿದೆ. ನಿಜವೇ. ಸ್ಕ್ರೂ ಹಾಕುವ ತೂತುಗಳು ಸಾಲಾಗಿ ಇದ್ದವು. ಕಂಪನಿಯೂ ಆಕೆಯ ಕಡೆಗೇ ಸೇರಿತ್ತು.

ಈಗ ನಾನು ಎಲ್ಲಿಗೆ ಹೊರಟರೂ ಯಾರೂ ತಡೆಯುವುದಿಲ್ಲ. ಕಂಪ್ಲಿ ಕಡೆಯಾದರೆ ಅಕ್ಕಿ, ಸಂಡೂರಾದರೆ ಅತ್ತೆಗೆ ಕುಮಾರಸ್ವಾಮಿಯ ವಿಭೂತಿ, ಕಮಲಾಪುರವಾದರೆ ಸುಗಂಧಿ ಬಾಳೆ. ಚೀಟಿ ಹಿಂದಿನ ರಾತ್ರಿಯೇ ಬೆಲ್ಲಿಗೆ ಸಿಕ್ಕಿಸಿರುತ್ತದೆ. ಮೊನ್ನೆ ಒಂದು ಗೊನೆ ಕಟ್ಟಿಕೊಂಡು, ಹಳೆಯ ಆಸೆ ಬಿಡಲಾರದೆ ಕಾಲುವೆ ದಂಡೆಯ ಮೇಲೇ ಬಂದೆ. ಕಲ್ಲಿನ ಮೇಲೆ ಸೈಕಲ್ಲು ತೇಲಿತು, ಒಂದೇ ಒಂದು ಎಮ್ಮೆ ಅಡ್ಡ ಬರಲಿಲ್ಲ. ಮನೆಯಲ್ಲಿ ಅತ್ತೆ ಗೊನೆ ಬಿಚ್ಚಿ, ಒಂದೊಂದೇ ಹಣ್ಣು ಒತ್ತಿ ನೋಡಿ ಮಗಳ ಕೈಗೆ ಕೊಟ್ಟರು. ಅರ್ಧಕ್ಕರ್ಧ ಜಜ್ಜಿಹೋಗಿದ್ದವು.

"ರೀ," ಅಂದಳು ಹೆಂಡತಿ, "ನಾಳಿಂದ ಆ ಕಲ್ಲುಹಾದಿ ಬ್ಯಾಡ. ಡಾಂಬರ್ ರೋಡ್ ಮ್ಯಾಲೇ ಬರ್ರಿ."