ಪ್ರವೇಶಯಾಗ: ಒಂದು ಮೀಮಾಂಸೆ

ಅಮೆರಿಕದ ಹೆಸರಾಂತ ಕಾಲೇಜುಗಳ ಪ್ರವೇಶವನ್ನು ಪಂಡಿತರು ಇದುವರೆಗೆ ಶಿಕ್ಷಣದ ವಿಷಯವೆಂದೇ ತಿಳಿದು ದಾರಿ ತಪ್ಪಿದ್ದಾರೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎಪಿ ತರಗತಿಗಳು, ಅವುಗಳ ಬೆನ್ನಿಗೆ ಡಿಬೇಟು, ಪಿಟೀಲು, ರೋಬಾಟಿಕ್ಸು, ಸಮಾಜಸೇವೆ. ಇವನ್ನೆಲ್ಲ ತೂಗಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಗದಿರುವುದು ಅದಕ್ಕೇ. ಪ್ರಸ್ತುತ ಪ್ರಬಂಧದ ಸಿದ್ಧಾಂತವಿಷ್ಟು: ಇದು ವ್ಯಾಸಂಗವಲ್ಲ, ಯಾಗ, ಇಲ್ಲಿ ಪ್ರಮಾಣ ಜೈಮಿನಿಯ ಪೂರ್ವಮೀಮಾಂಸೆ. ಸ್ವರ್ಗ ಬೇಕೆನ್ನುವವನು ಯಾಗ ಮಾಡಬೇಕು. ಹಾರ್ವರ್ಡ್ ಬೇಕೆನ್ನುವವನು ಮೇ ತಿಂಗಳಲ್ಲಿ ಎಪಿ ಪರೀಕ್ಷೆ ಬರೆಯಬೇಕು. ಎಪಿ ಪ್ರಧಾನಕರ್ಮ, ಪಿಟೀಲು ಅಂಗಕರ್ಮ. ಪಿಟೀಲನ್ನು ಸುಮ್ಮನೆ ಖುಷಿಗೆ ನುಡಿಸುವ ಹುಡುಗನಿಗೆ ಈ ಯಾಗದಲ್ಲಿ ಅಧಿಕಾರವಿಲ್ಲ.

ಅಂಗಕರ್ಮ ಅನಾದಿಯೇನಲ್ಲ. 1920ರ ದಶಕದವರೆಗೆ ಹಾರ್ವರ್ಡ್ ಮುಖ್ಯವಾಗಿ ಪರೀಕ್ಷೆಯನ್ನೇ ನೆಚ್ಚಿತ್ತು. ಅಂಕಗಳ ಬಲದಿಂದ ಯಹೂದಿ ಹುಡುಗರು ಹೆಚ್ಚಾಗಿ ಬರತೊಡಗಿದ ಮೇಲೆ ಅಧ್ಯಕ್ಷ ಲೊವೆಲ್‌ರ ಕಾಲದಲ್ಲಿ ಚಾರಿತ್ರ್ಯ, ವ್ಯಕ್ತಿತ್ವಗಳ ಮಹಿಮೆ ಇದ್ದಕ್ಕಿದ್ದಂತೆ ಗೋಚರಿಸಿತು. ಹೊರಗಿಡಲೆಂದು ತಂದ ಅಗುಳಿಯನ್ನೇ ಈಗ ಎಲ್ಲರೂ ಕೀಲಿಕೈಯೆಂದು ಪೂಜಿಸುತ್ತಿದ್ದಾರೆ. 2018ರಲ್ಲಿ ಅದೇ ಸಂಸ್ಥೆಯ ಮೇಲೆ ಮೊಕದ್ದಮೆ ನಡೆದಾಗ, ಓದು, ಆಟ, ಚಟುವಟಿಕೆಗಳ ಜೊತೆ ಅಭ್ಯರ್ಥಿಯ ವ್ಯಕ್ತಿತ್ವಕ್ಕೂ ಅಂಕೆ ಹಾಕಿ ಶ್ರೇಣಿ ಕೊಡುವ ಪದ್ಧತಿ ಬಯಲಾಯಿತು. ಅಷ್ಟು ನಿಖರತೆ ನಮ್ಮ ಚಿತ್ರಗುಪ್ತನಿಗೂ ಇದ್ದಂತಿಲ್ಲ.

ಇಲ್ಲಿ ಪೂರ್ವಪಕ್ಷಿ ಗಂಟೆಗಳ ಲೆಕ್ಕ ತೆಗೆಯುತ್ತಾನೆ. ವಾರಕ್ಕಿರುವುದೇ 168 ಗಂಟೆ; ಶಾಲೆ, ಹೋಂವರ್ಕು, ಹತ್ತು ಚಟುವಟಿಕೆ ಎಲ್ಲ ಕೂಡಿದರೆ ನಿದ್ದೆಗೆ ಜಾಗವೆಲ್ಲಿ? ಉತ್ತರ: ಕಾಮನ್ ಆಪ್ ಎಂಬ ಅರ್ಜಿ ನಮೂನೆ ಹತ್ತು ಚಟುವಟಿಕೆಗಳನ್ನೂ ಒಂದೊಂದರ ವಾರದ ಗಂಟೆಗಳನ್ನೂ ಕೇಳುತ್ತದೆ, ನಿದ್ದೆಯನ್ನು ಕೇಳುವುದಿಲ್ಲ. ವಿಧಿಯಿಲ್ಲದ್ದನ್ನು ಆಚರಿಸುವುದು ಕಾಲಹರಣ. ಒಂದೊಂದು ಚಟುವಟಿಕೆಯ ವಿವರಣೆಯೂ 150 ಅಕ್ಷರ ಮೀರುವಂತಿಲ್ಲ; ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುತ್ತಿದ್ದ ನಮ್ಮ ವೈಯಾಕರಣರ ನಿಜವಾದ ವಾರಸುದಾರರು ಈ ಹದಿನೇಳರ ಸೂತ್ರಕಾರರೇ. ಕರ್ಮದ ಸತ್ತ್ವವಿರುವುದು ಸೂತ್ರದಲ್ಲಿ, ಆಚರಣೆಯಲ್ಲಲ್ಲ ಎಂಬುದಕ್ಕೆ 2019ರ ವಾರ್ಸಿಟಿ ಬ್ಲೂಸ್ ಪ್ರಕರಣ ಸಾಕ್ಷಿ: ಸಿರಿವಂತರ ಮಕ್ಕಳ ಮುಖಗಳನ್ನು ಆಟಗಾರರ ಫೋಟೋಗಳಿಗೆ ಅಂಟಿಸಿ ಕ್ರೀಡಾಪಟುಗಳನ್ನು ತಯಾರಿಸಲಾಗಿತ್ತು. ಕೋರ್ಟು ಅದನ್ನು ವಂಚನೆ ಎಂದಿತು. ಸೋಮಲತೆ ಸಿಗದಿದ್ದಲ್ಲಿ ಪೂತೀಕವನ್ನು ಹಿಂಡಬಹುದೆಂಬ ಪ್ರತಿನಿಧಿನ್ಯಾಯ ಕೋರ್ಟಿಗೆ ತಿಳಿದಿರಲಿಲ್ಲ, ಅಷ್ಟೆ.

ಫಲದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಾರ್ವರ್ಡಿಗೆ ಇತ್ತೀಚೆಗೆ ಅರ್ಜಿ ಹಾಕಿದ ನೂರರಲ್ಲಿ ಐವರಿಗೂ ಸೀಟು ದಕ್ಕುತ್ತಿಲ್ಲ. ಉಳಿದವರ ಯಾಗ ಏನಾಯಿತು? ದನಕರು ಬೇಕೆಂದು ಚಿತ್ರಾಯಾಗ ಮಾಡಿದವನ ಕೊಟ್ಟಿಗೆಗೆ ಹಸು ಬಾರದಿದ್ದಾಗ ಎದ್ದದ್ದೂ ಇದೇ ಪ್ರಶ್ನೆ. ಫಲ ತಡವಾಗಬಹುದು, ಇಲ್ಲವೇ ಯಾವುದೋ ಅಂಗ ಲೋಪವಾಗಿರಬಹುದು. ಪ್ರವೇಶ ಸಲಹೆಗಾರರೆಂಬ ಪುರೋಹಿತರು ಎರಡನೆಯ ಕಾರಣವನ್ನೇ ಎತ್ತಿ ಹಿಡಿಯುತ್ತಾರೆ, ಏಕೆಂದರೆ ತಮ್ಮ ಅಥವಾ ತಂಗಿ ಇನ್ನೂ ಒಂಬತ್ತನೆಯ ತರಗತಿಯಲ್ಲಿರುತ್ತಾರೆ. ಕುಪರ್ಟಿನೋದ ಕನ್ನಡ ಮನೆಗಳಲ್ಲಿ ಹನ್ನೆರಡನೆಯ ತರಗತಿಗೆ ಮುಂಚಿನ ಬೇಸಿಗೆ ಭರತನಾಟ್ಯದ ರಂಗಪ್ರವೇಶಕ್ಕೆ ಪ್ರಶಸ್ತವಾಗಿರುವುದೂ ಈ ಅಂಗಲೋಪದ ಭಯದಿಂದಲೇ. ಹಾಗಾದರೆ ಕುಣಿದವಳಿಗೆ ದಕ್ಕುವುದೇನು ಎಂದರೆ, ಶಾಸ್ತ್ರ ಸ್ಪಷ್ಟವಾಗಿದೆ: ಹೊಗೆ ಕುಡಿದ ಋತ್ವಿಜನಿಗಲ್ಲ, ದಕ್ಷಿಣೆ ಕೊಟ್ಟ ಯಜಮಾನನಿಗೇ ಫಲ. ಆದ್ದರಿಂದಲೇ ಕಾಲೇಜಿನ ಹೆಸರಿನ ಸ್ಟಿಕರು ಮೆರೆಯುವುದು ಅಪ್ಪನ ಕಾರಿನ ಹಿಂಗಾಜಿನ ಮೇಲೆ. ಮಗಳಿಗೆ ಮೊದಲ ವರ್ಷ ಕ್ಯಾಂಪಸ್ಸಿನಲ್ಲಿ ಕಾರಿಟ್ಟುಕೊಳ್ಳಲು ಬಹಳ ಕಡೆ ಪರವಾನಗಿಯೇ ಇಲ್ಲ.