ಒಡೆದ ಒಲೆಯ ಬಾಕಿ ಲೆಕ್ಕ

ಜರ್ಮನಿಯಲ್ಲಿ ಏಳು ವರ್ಷ ತುಂಬದ ಮಗು ನಿಮ್ಮ ಟಿವಿ ಒಡೆದರೆ, ಕಾನೂನಿನ ಕಣ್ಣಿಗೆ ಆ ಟಿವಿ ತಾನಾಗಿಯೇ ಒಡೆದುಕೊಂಡ ಹಾಗೆ. ತಮಾಷೆಯಲ್ಲ, 1900ರ ಜನವರಿ 1ರಂದು ಜಾರಿಗೆ ಬಂದ ಇಲ್ಲಿನ ಸಿವಿಲ್ ಸಂಹಿತೆಯ 828ನೇ ಕಲಂ ಅದನ್ನೇ ಹೇಳುತ್ತದೆ. ಇನ್ನೊಬ್ಬರ ವಸ್ತುವನ್ನು ಬೇಕಂತಲೋ ಮೈಮರೆತೋ ಹಾಳು ಮಾಡಿದವರು ನಷ್ಟ ತುಂಬಿಕೊಡಬೇಕು ಅನ್ನುವುದು 823. ಪುಟಾಣಿಗಳು ಅದರಿಂದ ಮುಕ್ತ. ಅಪ್ಪ ಅಮ್ಮ ತಕ್ಕಷ್ಟು ನಿಗಾ ಇಟ್ಟಿದ್ದೆವು ಎಂದು ತೋರಿಸಿಕೊಟ್ಟರೆ ಅವರೂ ಪಾರು. ಕಟ್ಟಡ ಕಟ್ಟುವ ಕಡೆಯೆಲ್ಲ ಬೇಲಿಗೆ 'ಮಕ್ಕಳು ಮಾಡಿದ್ದಕ್ಕೆ ಹೆತ್ತವರು ಹೊಣೆ' ಅಂತ ಹಳದಿ ಬೋರ್ಡು ನೇತುಹಾಕಿರುತ್ತಾರೆ. ವಕೀಲರನ್ನು ಕೇಳಿದರೆ ಆ ಬೋರ್ಡು ಅರ್ಧ ಸುಳ್ಳು ಅನ್ನುತ್ತಾರೆ. ನಮ್ಮ ಕನ್ನಡ ಕೂಟಕ್ಕೆ ಬರುವ ಮಕ್ಕಳ ಧೈರ್ಯ ನೋಡಿದರೆ, ಅವರೆಲ್ಲ 828ನ್ನು ಕಂಠಪಾಠ ಮಾಡಿಕೊಂಡೇ ಬಂದಿರಬೇಕು.

ಹಾಗಂತ ಇಲ್ಲಿನ ಜನ ಕಲಂಗಳಿಗೆ ಹೆದರಿಕೊಂಡು ಕೈಕಟ್ಟಿ ಕೂತಿರುವುದಿಲ್ಲ. ಅವರ ಹತ್ತಿರ ಹಾಫ್ಟ್‌ಫ್ಲಿಷ್ಟ್ ಇದೆ. ನಾನು ಒಡೆಯುವುದು, ಕಂಪನಿ ದುಡ್ಡು ಕೊಡುವುದು, ಅಂಥ ವಿಮೆ. ವಾಹನಕ್ಕೆ ಇರುವ ಹಾಗೆ ಇದಕ್ಕೆ ಕಡ್ಡಾಯವೇನಿಲ್ಲ, ಆದರೂ ಹೆಚ್ಚಿನ ಮನೆಗಳಲ್ಲಿ ಇರುತ್ತದೆ. ಇಡೀ ಸಂಸಾರಕ್ಕೆ ವರ್ಷಕ್ಕೆ ನೂರು ಯೂರೋದೊಳಗೇ ಸಿಗುತ್ತದೆ. ನಿಮ್ಮ ಬೆಕ್ಕು ಪಕ್ಕದ ಮನೆಯ ಹೂದಾನಿ ಉರುಳಿಸಿದರೆ ಅದರಲ್ಲೇ ಬರುತ್ತದೆ. ನಾಯಿ ಉರುಳಿಸಿದರೆ ಬರುವುದಿಲ್ಲ, ನಾಯಿಗೆ ಬೇರೆ ಪಾಲಿಸಿ. ಮೈಸೂರಿನಿಂದ ಬಂದ ಅತ್ತೆ ಉರುಳಿಸಿದರೆ? ಅವರಿಗೆ 30,000 ಯೂರೋಗಳ ವೈದ್ಯಕೀಯ ವಿಮೆ ಇಲ್ಲದೆ ವೀಸಾನೇ ಕೊಡುವುದಿಲ್ಲ, ಆದರೆ ಅದು ಅತ್ತೆಗೆ ಏನಾದರೂ ಆದರೆ ಇರುವ ವಿಮೆ. ಅತ್ತೆಯಿಂದ ಏನಾದರೂ ಆದರೆ ಅಳಿಯನೇ ನೋಡಿಕೊಳ್ಳಬೇಕು.

ಇಷ್ಟು ಲೆಕ್ಕಾಚಾರದ ಇದೇ ಜನ ಮದುವೆಯ ಮುನ್ನಾದಿನ 'ಪೋಲ್ಟರ್‌ಆಬೆಂಡ್' ಅಂತ ಸೇರಿ, ಹೆಣ್ಣಿನ ಮನೆಯ ಬಾಗಿಲಲ್ಲಿ ಪಿಂಗಾಣಿ ತಟ್ಟೆಗಳನ್ನು ಬೇಕಂತಲೇ ಒಡೆದು ಹಾಕುತ್ತಾರೆ. ಗಾಜು ಮಾತ್ರ ಒಡೆಯಬಾರದು, ಅಶುಭವಂತೆ. ಚೂರು ಗುಡಿಸುವ ಕೆಲಸ ಮದುವೆಯಾಗುವ ಜೋಡಿಯದು. ಆವತ್ತು ಯಾರೂ ಕಲಂ ಎತ್ತುವುದಿಲ್ಲ.

ಇನ್ನು ನಮ್ಮ ಒಲೆಯ ವಿಷಯ. ಸ್ಟುಟ್‌ಗಾರ್ಟಿನಲ್ಲಿ ಬಾಡಿಗೆ ಮನೆ ಹಿಡಿದರೆ ಎಷ್ಟೋ ಸಲ ಅಡುಗೆಮನೆಯಲ್ಲಿ ನಾಲ್ಕು ಗೋಡೆ, ಗೋಡೆಯಿಂದ ಚಾಚಿದ ಎರಡು ನಳಿಗೆ ಬಿಟ್ಟರೆ ಏನೂ ಇರುವುದಿಲ್ಲ. ಕಪಾಟು, ಒಲೆ, ಕೊನೆಗೆ ಪಾತ್ರೆ ತೊಳೆಯುವ ಸಿಂಕನ್ನೂ ಬಾಡಿಗೆದಾರನೇ ಹಾಕಿಸಿಕೊಳ್ಳಬೇಕು. ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಹಾಗಾಗಿ ಆ ಒಲೆ ನಮ್ಮದೇ ಸ್ವಂತ ಆಸ್ತಿ. ಮೇಲೆ ಕಪ್ಪನೆಯ ಗಾಜಿನ ಹಲಗೆ. 1971ರಲ್ಲಿ ಮೈಂಟ್ಸ್ ನಗರದ ಶಾಟ್ ಕಂಪನಿ 'ಸೆರಾನ್' ಹೆಸರಿನಲ್ಲಿ ಬಿಟ್ಟ ಮೇಲೆ ಈ ಬಗೆಯ ಗಾಜೇ ಇಲ್ಲಿನ ಒಲೆಗಳ ಮುಖವಾಗಿಬಿಟ್ಟಿದೆ. ಕಾಯಿಸಿ ತಣ್ಣೀರು ಚೆಲ್ಲಿದರೂ ಸೀಳುವುದಿಲ್ಲ, ಯಾಕೆಂದರೆ ಬಿಸಿಗೆ ಅದು ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ಕಂಡುಹಿಡಿದವರು ಎಲ್ಲವನ್ನೂ ಯೋಚಿಸಿದ್ದರು, ಕುಟ್ಟಾಣಿಯೊಂದನ್ನು ಬಿಟ್ಟು.

ಉಗಾದಿ ಬಂದದ್ದು ವಾರದ ನಡುವೆ, ನಾವು ಮಾಡಿದ್ದು ಶನಿವಾರ. ಭಾನುವಾರ ಮಿಕ್ಸಿ ತಿರುಗಿಸಿದರೆ ಕೆಳಮನೆಯ ಅಜ್ಜಿ ಬೆಲ್ ಮಾಡುತ್ತಾರೆ. ಶ್ರೀಲಂಕಾ ತಮಿಳರ ಅಂಗಡಿಯಿಂದ ಕಡಲೆಬೇಳೆ, ಬೆಲ್ಲ ತಂದದ್ದಾಯಿತು. ಹೋಳಿಗೆ ತಟ್ಟಲು ಹಾಸನದ ದಂಪತಿ ಬೆಳಿಗ್ಗೆಯೇ ಬಂದರು. ಆಕೆ ಹೂರಣಕ್ಕೆ ಏಲಕ್ಕಿ ಕುಟ್ಟಲೆಂದು ಮೇಲಿನ ಕಪಾಟಿನಿಂದ ಕಲ್ಲಿನ ಕುಟ್ಟಾಣಿ ಇಳಿಸಿದರು. ಕೈಯಲ್ಲಿ ತುಪ್ಪದ ಪಸೆ ಇತ್ತು. ಗಾಜು ಈ ಮೂಲೆಯಿಂದ ಆ ಮೂಲೆಗೆ ಸೀಳಿತು. ಕುಟ್ಟಾಣಿಗೆ ಒಂದು ಗೀರೂ ಬೀಳಲಿಲ್ಲ.

"ಅಯ್ಯೋ ಅಕ್ಕಾ!" ಅಂದರು ಆಕೆ. "ದೃಷ್ಟಿ ಆಗಿತ್ತು, ಹೋಯ್ತು ಬಿಡು" ಅಂದಳು ನನ್ನ ಹೆಂಡತಿ, ಗಾಜಿಗಿಂತ ಗಟ್ಟಿಯಾದ ನಗು ಹೊತ್ತು. ಸದ್ದು ಕೇಳಿ ಮೇಲೆ ಬಂದ ಕೆಳಮನೆಯ ಅಜ್ಜಿ ಮೊದಲು ಕೇಳಿದ್ದು ಯಾರಿಗಾದರೂ ಏಟಾಯಿತಾ ಅಂತ. ಎರಡನೆಯದಾಗಿ, ಬೀಳಿಸಿದವರಿಗೆ ಹಾಫ್ಟ್‌ಫ್ಲಿಷ್ಟ್ ಇದೆಯಾ ಅಂತ. ಮೂರನೆಯ ಮಾತಿಲ್ಲ, ಹೋಳಿಗೆ ಇಸಕೊಂಡು ಇಳಿದು ಹೋದರು.

ಸಂಜೆ ಹೊರಡುವಾಗ ಆಕೆಯ ಗಂಡ ನನ್ನನ್ನು ಪಕ್ಕಕ್ಕೆ ಕರೆದು, "ಎಷ್ಟಾಗುತ್ತೆ ಹೇಳಿ ಸಾರ್, ಕಳಿಸಿಬಿಡ್ತೀನಿ" ಅಂದರು. "ಛೇ ಛೇ, ದುಡ್ಡಿನ ಮಾತು ಎತ್ತಬೇಡಿ" ಅಂದೆ. ನಮ್ಮ ಕಡೆ ಇದು ಸಂಭಾಷಣೆಯ ಆರಂಭ ಮಾತ್ರ. ಎಲೆಯ ಮುಂದೆ ಕೂತವನು ಸಾಕು ಅಂತ ಕೈ ಅಡ್ಡ ಹಿಡಿದಾಗ ಬಡಿಸುವವರು ಬೆರಳ ಸಂದಿಯಲ್ಲೇ ತುಪ್ಪ ಬಿಡುತ್ತಾರಲ್ಲ, ಹಾಗೆ ಅವರು ಬಲವಂತ ಮಾಡಬೇಕಿತ್ತು. ಆದರೆ ಅವರು ಈ ದೇಶಕ್ಕೆ ಬಂದು ಬಹಳ ವರ್ಷವಾಗಿತ್ತು. ಇಲ್ಲ ಅಂದದ್ದನ್ನು ಇಲ್ಲ ಅಂತಲೇ ತಿಳಿದುಕೊಂಡು, ಕೈಕುಲುಕಿ, ಕಾರು ಹತ್ತಿದರು.

"ಇನ್ನೊಂದು ಸಲ ಕೇಳಬಹುದಿತ್ತಪ್ಪ" ಎಂದಳು ಹೆಂಡತಿ, ಬಾಗಿಲು ಮುಚ್ಚುವ ಮೊದಲೇ.

ಪುಣ್ಯಕ್ಕೆ ಅತ್ತ ಕಾರಿನಲ್ಲಿ ಆಕೆಯೂ ಗಂಡನಿಗೆ ಅದನ್ನೇ ಹೇಳಿದ್ದರಂತೆ. ಮರುದಿನ ಫೋನು: "ನಮ್ಮ ಇನ್ಶೂರೆನ್ಸ್‌ಗೆ ಬರೀತೀವಿ ಅಕ್ಕ, ನಮ್ಮ ಕೈಯಿಂದ ಏನೂ ಹೋಗಲ್ಲ." ಇದಕ್ಕೆ ಛೇ ಛೇ ಅನ್ನಲು ನಮ್ಮ ಸಂಪ್ರದಾಯದಲ್ಲಿ ಮಂತ್ರವಿಲ್ಲ. ಒಪ್ಪಿದೆವು.

ಫಾರಂ ಬಂತು. ಒಲೆಯ ರಸೀದಿ, ಒಲೆಯ ವಯಸ್ಸು, ಒಡೆದ ಜಾಗದ ಫೋಟೋ. ಬಿದ್ದ ವಸ್ತು ಯಾವುದು? 'ಕಲ್ಲಿನ ಪಾತ್ರೆ.' ಕಂಪನಿಯಿಂದ ಒಬ್ಬಾತ ಫೋನು ಮಾಡಿ, ಅಷ್ಟು ಭಾರದ ಕಲ್ಲು ಅಡುಗೆಮನೆಯಲ್ಲಿ ಯಾಕಿತ್ತು ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ. ಏಲಕ್ಕಿಗೆ ಅಂದೆವು. ಎಷ್ಟು ಏಲಕ್ಕಿ ಅಂದ. ಆರು ಅಂದೆವು. ಆ ಕಡೆ ಟೈಪು ಮಾಡುವ ಸದ್ದು ಸ್ವಲ್ಪ ಹೊತ್ತು ನಿಂತಿತ್ತು.

ನಿಜವಾದ ಪೇಚು ಬಂದದ್ದು ಆಮೇಲಿನ ಪ್ರಶ್ನೆಗೆ. ಒಡೆದವರು ಆ ಹೊತ್ತಿಗೆ ನಿಮಗೆ ಪುಕ್ಕಟೆ ಸಹಾಯ ಮಾಡುತ್ತಿದ್ದರೇ? ಇದರ ಹಿಂದೆ ದೊಡ್ಡ ಶಾಸ್ತ್ರವೇ ಇದೆ. ಗೆಳೆಯರ ಮನೆ ಬದಲಾಯಿಸಲು ಹೋದವನು ಟಿವಿ ಬೀಳಿಸಿದ ಅನ್ನಿ. ಉಪಕಾರಕ್ಕೆ ಬಂದವನ ಸಣ್ಣ ಅಜಾಗರೂಕತೆಯನ್ನು ಇಬ್ಬರೂ ಮೊದಲೇ ಮನಸ್ಸಿನಲ್ಲಿ ಮನ್ನಿಸಿಕೊಂಡಿದ್ದರು ಎಂದು ಇಲ್ಲಿನ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಅವನು ಹೊಣೆಯಲ್ಲ ಅಂದಮೇಲೆ ಅವನ ವಿಮೆಯೂ ಕೊಡಬೇಕಾಗಿಲ್ಲ. ಹೊಸ ಪಾಲಿಸಿಗಳಲ್ಲಿ ಇದಕ್ಕೆಂದೇ ಬೇರೆ ಷರತ್ತು ಸೇರಿಸಿರುತ್ತಾರೆ. ಹಳೆಯವುಗಳಲ್ಲಿ ಇಲ್ಲದೆಯೂ ಇರಬಹುದು. ಒಟ್ಟಿನಲ್ಲಿ, ಸುಮ್ಮನೆ ಕೂತ ಅತಿಥಿ ಒಡೆದರೆ ದುಡ್ಡು ಬರುತ್ತದೆ. ಕೈ ಜೋಡಿಸಿದ ಗೆಳತಿ ಒಡೆದರೆ ಅನುಮಾನ.

"ಹಾಗಾದ್ರೆ ಸುಮ್ಮನೆ ಕೂತಿದ್ದಳು ಅಂತ ಬರೆಯೋದಾ?" ಎಂದು ನಾನು ಜೋರಾಗಿ ಯೋಚಿಸಿದ್ದೇ ತಡ, ಹೆಂಡತಿ ಕೆರಳಿದಳು. "ಬೆಳಗಿಂದ ಹೂರಣ ರುಬ್ಬಿದ್ದು ಅವಳು ರೀ! ಸೋಫಾ ಮೇಲೆ ಕೂತಿದ್ದೋರು ನೀವು!" ಹಾಸನದಾಕೆ ಇನ್ನೂ ಕಟ್ಟುನಿಟ್ಟು. ದುಡ್ಡು ಹೋದರೆ ಹೋಗಲಿ, ಉಗಾದಿಯ ದಿನ ಇನ್ನೊಬ್ಬರ ಮನೆಗೆ ಹೋಗಿ ಕೈಕಟ್ಟಿ ಕೂತಿದ್ದಳು ಅಂತ ಜರ್ಮನಿಯ ಕಡತದಲ್ಲಿ ತನ್ನ ಹೆಸರು ದಾಖಲಾಗಕೂಡದು. ಹೂರಣ, ಕಣಕ, ತುಪ್ಪ ಎಲ್ಲವನ್ನೂ ಸವಿಸ್ತಾರವಾಗಿ ಬರೆಸಿದರು. ಅದೃಷ್ಟಕ್ಕೆ ಅವರ ಪಾಲಿಸಿ ಹೊಸದು, ಷರತ್ತು ಅದರಲ್ಲಿತ್ತು.

ದುಡ್ಡು ಬಂತು. ಆದರೆ ಹೊಸ ಒಲೆಯ ಬೆಲೆಯಲ್ಲ, ಹಳೆ ಒಲೆಗೆ ಒಡೆಯುವ ಕ್ಷಣದಲ್ಲಿ ಎಷ್ಟು ಬೆಲೆ ಇತ್ತೋ ಅಷ್ಟು. ಅಂದರೆ ಹೊಸದರ ಅರ್ಧಕ್ಕಿಂತ ತುಸು ಮೇಲೆ. ನನ್ನ ಮಟ್ಟಿಗೆ ಇದು ಅಪ್ಪಟ ನ್ಯಾಯ. ಹಳೆಯದು ಒಡೆದಿದೆ, ಹಳೆಯದರ ಬೆಲೆ ಬಂದಿದೆ, ಅಲ್ಲಿಗೆ ಮುಗಿಯಬೇಕು. ಕನ್ನಡಿಗರ ನಡುವೆ ಅಲ್ಲಿಂದಲೇ ಶುರು. ಉಳಿದ ಅರ್ಧವನ್ನು ಹಾಸನದವರು ಪೇಪಾಲ್‌ನಲ್ಲಿ ಕಳಿಸಿದರು. ನಾವು ವಾಪಸ್ ಕಳಿಸಿದೆವು. ಗೌರಿ ಹಬ್ಬಕ್ಕೆ ಬಾಗಿನದ ಮರದಲ್ಲಿ, ಬಳೆ ಬಿಚ್ಚೋಲೆಗಳ ನಡುವೆ, ಒಂದು ಬೆಳ್ಳಿಯ ಕುಂಕುಮದ ಬಟ್ಟಲು ಬಂತು. ಬಾಗಿನ ವಾಪಸ್ ಕೊಡುವ ಹಾಗಿಲ್ಲ. ಅದು ಅವರಿಗೂ ಗೊತ್ತಿತ್ತು. ಅವರ ಮಗಳ ಹುಟ್ಟುಹಬ್ಬಕ್ಕೆ ನಾವು ಸೈಕಲ್ ಕೊಡಿಸಿದೆವು. ಸೈಕಲ್ ಬೆಲೆಯನ್ನು ಅಂತರ್ಜಾಲದಲ್ಲಿ ನೋಡಿಕೊಂಡು ಅವರು ದೀಪಾವಳಿಗೆ ಬೆಳ್ಳಿ ದೀಪ ತಂದರು. ಅದರ ಜೋಡಿ ದೀಪ ನಾವು ಇನ್ನೂ ಕೊಟ್ಟಿಲ್ಲ, ಅಥವಾ ನಮ್ಮ ಸರದಿ ಮುಗಿದಿದೆಯೋ ಗೊತ್ತಿಲ್ಲ. ಇವನ್ನೆಲ್ಲ ಕೂಡಿಸಿದರೆ ಒಲೆಯೇನು, ಒಂದು ಅಡುಗೆಮನೆಯೇ ಬರುತ್ತಿತ್ತು, ಸಿಂಕ್ ಸಮೇತ.

ಆದ್ದರಿಂದ ಜರ್ಮನಿಗೆ ಹೊಸದಾಗಿ ಬಂದಿಳಿದವರಲ್ಲಿ ಒಂದು ವಿನಂತಿ. ಹಾಫ್ಟ್‌ಫ್ಲಿಷ್ಟ್ ಮಾಡಿಸುವಾಗ ಏಳರೊಳಗಿನ ಮಕ್ಕಳು ಒಡೆದದ್ದೂ, ಸಹಾಯ ಮಾಡಹೋಗಿ ಒಡೆದದ್ದೂ ಸೇರಿದೆಯೇ ಅಂತ ಓದಿ ನೋಡಿ ಸಹಿ ಹಾಕಿ. ಆಮೇಲೂ ಬಾಕಿ ಉಳಿದು, ಗೆಳೆಯರು ದುಡ್ಡು ಹಿಡಿದು ಬಂದರೆ, ದಯವಿಟ್ಟು ಮೊದಲನೇ ಸಲಕ್ಕೇ ತಗೊಂಡುಬಿಡಿ. ಬೆಳ್ಳಿ ಈಗ ವಿಪರೀತ ದುಬಾರಿ.